ಗಂಟೆಗೆ ತಿರುಗಿದಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ಎಲ್ಲರೂ ಎಂದರೆ ಯಾರು? ಇರುವವಳು ನಾನೊಬ್ಬಳು. ಕ್ಷೇಮವೂ ಅಷ್ಟಕ್ಕಷ್ಟೇ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ ಬಿಡು. ಕಾಗದವಾದರೆ ಹರಿದು ಬಿಸಾಕುವ ಮುಂಚೆ ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದೀತು ಎಂಬ ದುರಾಸೆಯಿಂದ ಬರೆಯುತ್ತಿದ್ದೇನೆ. ಕೂಸುಗಳ ಹಾಡಿನ ಕ್ಲಾಸಿನ ಹಾಲ್‌ನಲ್ಲೇ, ಮರದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದೇನೆ. ಕೆಳಗಿನ ಟೈಲರ್ ಅಂಗಡಿಗೆ ಇವತ್ತು ರಜೆ. ಮಕ್ಕಳು ಚೀಪಿದ ಗಿಲಕಿಗಳನ್ನೆಲ್ಲ ತೊಳೆದು ಕಿಟಕಿಯ ಬಳಿ ಸಾಲಾಗಿ ಒಣಹಾಕಿದ್ದೇನೆ. ನಿನ್ನ ಡುಮ್ಮಿಯ ಹಳದಿ ಗಿಲಕಿಯನ್ನೂ ತೊಳೆದೆ. ಆರು ವಾರದಿಂದ ಯಾರೂ ಅದನ್ನು ಬಾಯಿಗೆ ಹಾಕಿಲ್ಲ, ಆದರೂ ತೊಳೆದೆ.

ನಿನ್ನೆ ಅಳಿಯಂದಿರು ಫೋನು ಮಾಡಿದ್ದರು. ನಿನಗೆ ತಿಳಿಸದೆ ಮಾಡಿದ್ದು, ಅವರ ಮೇಲೆ ರೇಗಬೇಡ. ಡುಮ್ಮಿಗೆ ಹುಟ್ಟಿದಂದಿನಿಂದಲೂ ಎರಡೂ ಕಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆಪರೇಷನ್ ಮಾಡಿ ಯಂತ್ರ ಕೂರಿಸುತ್ತಾರಂತೆ. ಇನ್ನೂ ಮುಂಚೆ ಬಂದಿದ್ದರೆ ಮಾತು ಬೇಗ ಬರುತ್ತಿತ್ತು ಎಂದರಂತೆ. ಇಷ್ಟನ್ನೂ ಗೋಡೆ ಹಿಡಿದುಕೊಂಡು ಕೇಳಿಸಿಕೊಂಡೆ. ಆಮೇಲೆ ಅವರು ಹೇಳಿದ್ದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಮೊದಲ ಸಲ ಅನುಮಾನ ಬಂದದ್ದು ಯಾವಾಗ ಎಂದು ಡಾಕ್ಟರು ಕೇಳಿದರೆ, ನೀನು ಅವರೆದುರೇ ಗೋಳೋ ಎಂದು ಅತ್ತೆಯಂತೆ. “ನಾನೂ ಒಬ್ಳು ತಾಯಿನಾ? ಬೆಳಗಾದ್ರೆ ಮೆಡಿಕಲ್ ಶಾಪ್ ಕೆಲಸ ಅಂತ ಓಡ್ತಿದ್ದೆ. ಹೆತ್ತ ಮಗು, ನನಗೇ ಗೊತ್ತಾಗ್ಲಿಲ್ವಲ್ಲ” ಎಂದೆಯಂತೆ. ಅಂದಿನಿಂದ ಮಗುವಿನ ಮುಖ ನೋಡಲೂ ಹೆದರುತ್ತೀಯಂತೆ. ಅದು ನಿನ್ನತ್ತ ನೋಡಿ ನಕ್ಕರೆ ಅವರ ಕೈಗೆ ಕೊಟ್ಟು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀಯಂತೆ.

ಅದಕ್ಕೇ ಈ ಕಾಗದ. ನನ್ನ ಮೇಲಿನ ಸಿಟ್ಟನ್ನು ಎಷ್ಟು ದಿನ ಬೇಕಾದರೂ ಇಟ್ಟುಕೋ. ನಿನ್ನ ಮೇಲೆ ನೀನು ಸಿಟ್ಟು ಮಾಡಿಕೊಳ್ಳಬೇಡ. ನಿನಗೆ ಗೊತ್ತಾಗಿತ್ತು ಮಗಳೇ. ನಾನು ನಂಬಲು ಬಿಡಲಿಲ್ಲ.

ಜ್ಞಾಪಿಸಿಕೋ. ಹುಟ್ಟಿದ ಎರಡನೇ ದಿನ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿದಾಗ ಮಗು ಒಂದೇ ಸಮ ಅಳುತ್ತಿತ್ತು. ಸರಿಯಾಗಿ ತಿಳಿಯಲಿಲ್ಲ, ತಿಂಗಳು ಬಿಟ್ಟು ಕರೆತನ್ನಿ ಎಂದರು. ತಿಂಗಳಾದ ಮೇಲೆ ನೀನು ಮಗುವನ್ನು ಸುತ್ತಿಕೊಂಡು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. ತಡೆದವಳು ನಾನು. “ಇಪ್ಪತ್ತಾರು ವರ್ಷದಿಂದ ಕಂಡೋರ ಮಕ್ಕಳ ಕಿವಿಗೆ ಹಾಡು ಹಾಕ್ತಿದೀನಿ, ನನ್ನ ಮೊಮ್ಮಗಳ ಕಿವಿ ನೋಡೋಕೆ ಆ ಡಬ್ಬ ಬೇಕೇನೇ?” ಎಂದೆ. ನೀನು ನಕ್ಕು ಚಪ್ಪಲಿ ಬಿಟ್ಟೆ. ಆ ಚಪ್ಪಲಿ ಬಿಟ್ಟ ಗಳಿಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನಾಲ್ಕು ತಿಂಗಳಿಗೆ ನೀನು ಕೆಲಸಕ್ಕೆ ಮರಳಿದೆ, ಡುಮ್ಮಿ ನನ್ನ ಜೊತೆ ಕ್ಲಾಸಿಗೆ ಬಂದಳು. ನನ್ನ ಕ್ಲಾಸು ಹೇಗಿರುತ್ತದೆ ಎಂದು ನಿನಗೆ ಹೇಳಬೇಕೇ, ಇದೇ ನೆಲದ ಮೇಲೆ ಅಂಬೆಗಾಲಿಟ್ಟವಳು ನೀನು. ಹತ್ತು ಕೂಸು, ಹತ್ತು ಅಮ್ಮಂದಿರು, ನಡುನಡುವೆ ನಾಚಿಕೊಂಡು ಕೂತ ಒಬ್ಬಿಬ್ಬರು ಅಪ್ಪಂದಿರು. ಮೊದಲು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವ ಹಾಡು. ಆಮೇಲೆ ಗಿಲಕಿ, ಆಮೇಲೆ ಬಣ್ಣದ ಬಟ್ಟೆಯ ಮರೆಯಲ್ಲಿ ಕಣ್ಣಾಮುಚ್ಚಾಲೆ, ಕೊನೆಗೆ ದೊಡ್ಡ ಡೋಲು. ಯಾವುದೋ ಒಂದು ಕೂಸು ಹಾಡಿನ ನಡುವೆ ಕಕ್ಕುತ್ತದೆ, ಇನ್ನೊಂದು ಪಕ್ಕದವನ ಕಾಲಿನ ಬೆರಳನ್ನು ಬಾಯಿಗೆ ಹಾಕುತ್ತದೆ. ನಿವೃತ್ತ ಪೋಸ್ಟ್‌ಮ್ಯಾನ್ ತಾತ ಮೊಮ್ಮಗನನ್ನು ಕರೆತರುತ್ತಾರಲ್ಲ, ಅವರು ಕತ್ತೆ ಬೆದರುವ ದನಿಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆ. ಮಕ್ಕಳಿಗೆ ಅವರೇ ಇಷ್ಟ.

ಡುಮ್ಮಿಗೆ ಇಷ್ಟವಾದದ್ದು ಡೋಲು. ಎರಡು ಅಂಗೈಯನ್ನೂ ಡೋಲಿನ ಚರ್ಮಕ್ಕೆ ಒತ್ತಿ, ಬಾಯಿ ಬಿಟ್ಟುಕೊಂಡು, ಜೊಲ್ಲು ಸುರಿಸುತ್ತ ಹಾಗೇ ನಿಂತುಬಿಡುತ್ತಿದ್ದಳು. ಅಮ್ಮಂದಿರು “ಅಜ್ಜಿ ರಕ್ತ ಅಲ್ವಾ ಮೇಡಮ್, ತಾಳ ಹುಟ್ಟಿದಾಗ್ಲೇ ಬಂದಿದೆ” ಎನ್ನುತ್ತಿದ್ದರು. ನಾನೂ ಉಬ್ಬಿಹೋಗುತ್ತಿದ್ದೆ. ಕೈಗೆ ತಾಗುವ ನಡುಕ ಬಿಟ್ಟರೆ ಆ ಹಾಲ್‌ನಲ್ಲಿ ಅವಳ ಪಾಲಿಗೆ ಬೇರೆ ಏನೂ ಇರಲಿಲ್ಲ.

ಒಂಬತ್ತನೇ ತಿಂಗಳಲ್ಲಿ ನೀನು ನನ್ನನ್ನು ಕೇಳಿದೆ. ಸಂಜೆ ಕೆಲಸದಿಂದ ಬಂದವಳು ಬ್ಯಾಗನ್ನೂ ಇಳಿಸಿರಲಿಲ್ಲ. “ಅಮ್ಮಾ, ನಾನು ಬಾಗ್ಲು ತೆಗೆದ್ರೂ ಇವ್ಳು ತಿರುಗಿ ನೋಡಲ್ಲ ಕಣೆ. ಕರೆದ್ರೂ ನೋಡಲ್ಲ. ಕಿವಿ ಕೇಳುತ್ತೆ ತಾನೇ?” ನಾನು ನಕ್ಕೆ. “ಕ್ಲಾಸಲ್ಲಿ ಗಂಟೆ ಅಲ್ಲಾಡಿಸಿದ್ರೆ ಸಾಕು, ಗರಕ್ಕನೆ ತಿರುಗ್ತಾಳೆ. ಮನೇಲಿ ನಿನ್ನ ಹತ್ರ ಬಿಂಕ ಅಷ್ಟೇ” ಎಂದೆ. ನೀನು ಪೂರ್ತಿ ಒಪ್ಪಲಿಲ್ಲ, ನಿನ್ನ ಮುಖದಲ್ಲೇ ಕಾಣುತ್ತಿತ್ತು. ನಾನು ನೋಟ್‌ಬುಕ್ ತಂದು ತೋರಿಸಿದೆ. ಪ್ರತಿ ಮಗುವಿಗೂ ಒಂದು ಹಾಳೆ, ಪ್ರತಿ ಕ್ಲಾಸಿಗೂ ಒಂದು ಸಾಲು. ಡುಮ್ಮಿಯ ಹಾಳೆಯಲ್ಲಿ ಸಾಲಿಗೆ ಸಾಲು ‘ಗಂಟೆಗೆ ತಿರುಗಿದಳು’ ಎಂದಿತ್ತು. ನೀನು ಬ್ಯಾಗು ಇಳಿಸಿ ಸಮಾಧಾನದಿಂದ ಕೈಕಾಲು ತೊಳೆಯಲು ಹೋದೆ. ಆಗ ನನಗೂ ಏನೂ ಗೊತ್ತಿರಲಿಲ್ಲ, ನಿನ್ನಾಣೆ.

ನನಗೆ ಮೊದಲು ಅನುಮಾನ ಬಂದದ್ದು ಹನ್ನೊಂದನೇ ತಿಂಗಳಲ್ಲಿ. ಅವತ್ತು ಪೋಸ್ಟ್‌ಮ್ಯಾನ್ ತಾತ ಎದ್ದೇಳುವಾಗ ಕಾಲು ತಾಗಿಸಿ ಮೇಜಿನ ಮೇಲಿದ್ದ ತಾಳಗಳ ಬುಟ್ಟಿ ಬೀಳಿಸಿದರು. ಅಷ್ಟೂ ಕಂಚು ಒಟ್ಟಿಗೆ ಕಿಟಕಿಯ ಕಲ್ಲುಕಟ್ಟೆಯ ಮೇಲೆ ಬಿದ್ದರೆ ಹೇಗಿರುತ್ತದೆ ಹೇಳು. ಅಮ್ಮಂದಿರೇ ಬೆಚ್ಚಿಬಿದ್ದರು. ಹತ್ತು ಕೂಸುಗಳೂ ಒಟ್ಟಿಗೆ ಬಾಯಿ ತೆಗೆದವು. ಡುಮ್ಮಿ ನನ್ನ ತೊಡೆಯಲ್ಲಿ ಅಂಗಾತ ಮಲಗಿ ಕೆಂಪು ಬಟ್ಟೆಯ ತುದಿ ಚೀಪುತ್ತಿದ್ದಳು. ಚೀಪುತ್ತಲೇ ಇದ್ದಳು. ರೆಪ್ಪೆ ಕೂಡ ಅಲುಗಲಿಲ್ಲ. ತಾತ ಪಾಪ, “ನೋಡಿ, ನಿಮ್ಮದೊಂದೇ ಧೈರ್ಯವಂತ ಮಗು” ಎಂದರು. ನಾನು ಹೌದು ಎಂದೆ.

ಅಂದಿನಿಂದ ಕಾಲು ಬಡಿಯಲು ಶುರುಮಾಡಿದೆ. ಗಂಟೆ ಅಲ್ಲಾಡಿಸುವಾಗ ಜೊತೆಗೇ ಹಿಮ್ಮಡಿಯಿಂದ ನೆಲಕ್ಕೆ ಒಂದು ಏಟು. ಮರದ ನೆಲ, ಅದುರುತ್ತದೆ, ಅವಳು ತಿರುಗುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಿಮ್ಮ ಮನೆಯದು ಕಲ್ಲಿನ ನೆಲ, ಅದಕ್ಕೇ ನೀನು ಕರೆದರೆ ಅವಳು ತಿರುಗುತ್ತಿರಲಿಲ್ಲ. ಬಿಂಕವೂ ಅಲ್ಲ, ಏನೂ ಅಲ್ಲ.

ಬೇರೆಯವರ ಮಕ್ಕಳಾಗಿದ್ದರೆ? ಈ ಇಪ್ಪತ್ತಾರು ವರ್ಷದಲ್ಲಿ ಎರಡು ಕೂಸುಗಳ ಕಿವಿ ಕೇಳದ್ದನ್ನು ನಾನೇ ಮೊದಲು ಕಂಡುಹಿಡಿದೆ. ಎರಡು ಸಲವೂ ವಾರ ಕಳೆಯುವ ಮುಂಚೆ ಅಮ್ಮಂದಿರನ್ನು ಪಕ್ಕಕ್ಕೆ ಕರೆದು ಕೈಹಿಡಿದು ಹೇಳಿದೆ. ಒಬ್ಬಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಮಾರನೇ ದಿನವೇ ಡಾಕ್ಟರ ಬಳಿ ಹೋದಳು. ಹೇಗೆ ಹೇಳಬೇಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ನನ್ನ ಮಗಳಿಗೆ ಹೇಳಲು ನಾಲಿಗೆ ಏಳಲಿಲ್ಲ. ನನ್ನ ಹಾಡು ನನ್ನ ಮೊಮ್ಮಗಳಿಗೇ ಮುಟ್ಟಿಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ದಿನಗಳು ಮಗುವಿನವು, ನನ್ನವಲ್ಲ. ಅಷ್ಟು ಬುದ್ಧಿಯೂ ಇರಲಿಲ್ಲ ಈ ಮುದುಕಿಗೆ.

ಕೊನೆಯ ದಿನ ನಿನಗೆ ರಜೆಯಿತ್ತು, ಹೇಳದೆ ಕ್ಲಾಸಿಗೆ ಬಂದೆ. ಡುಮ್ಮಿ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ನೀನು ಕರೆದೆ. ತಿರುಗಲಿಲ್ಲ. ನನ್ನ ಕೈಯಿಂದ ಗಂಟೆ ಕಿತ್ತುಕೊಂಡು ಅವಳ ತಲೆಯ ಹಿಂದೆ ಅಲ್ಲಾಡಿಸಿದೆ. ತಿರುಗಲಿಲ್ಲ. ಹತ್ತು ಅಮ್ಮಂದಿರು ನೋಡುತ್ತಿದ್ದರು, ನಾನು ಅಭ್ಯಾಸಬಲದಿಂದ ಹಿಮ್ಮಡಿ ಬಡಿದೆ. ಅವಳು ಗರಕ್ಕನೆ ತಿರುಗಿ ನಿನ್ನ ನೋಡಿ ಇರುವ ಆರೂ ಹಲ್ಲು ಬಿಟ್ಟು ನಕ್ಕಳು. ನೀನು ಅವಳನ್ನು ನೋಡಲಿಲ್ಲ, ನನ್ನ ಕಾಲನ್ನು ನೋಡಿದೆ. “ಕಾಲು ಯಾಕೆ ಬಡಿದೆ ಅಮ್ಮಾ?” ಎಂದೆ. ಜೋಮು ಹಿಡಿದಿತ್ತು ಎಂದೆ. ಜೋಮು! ಥೂ, ನನ್ನ ಬಾಯಿಗೆ ಬೇರೆ ಏನೂ ಸಿಗಲಿಲ್ಲ. ನೀನು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ನಿನ್ನ ಹೆಗಲ ಮೇಲಿಂದ ಅವಳು ನನಗೆ ಕೈ ಬೀಸುತ್ತಿದ್ದಳು.

ಕ್ಲಾಸು ನಡೆಯುತ್ತಿದೆ. ಹೆಸರು ಕರೆಯುವ ಹಾಡಿನಲ್ಲಿ ಏಳನೆಯವಳು ಅವಳು. ಆರು ಮುಗಿದ ಮೇಲೆ ನಾನು ನಿಲ್ಲಿಸಿಬಿಡುತ್ತೇನೆ. ಪೋಸ್ಟ್‌ಮ್ಯಾನ್ ತಾತ ಅಲ್ಲಿಂದ ಎತ್ತಿಕೊಂಡು ತಮ್ಮ ಅಪಸ್ವರದಲ್ಲೇ ಹಾಡು ಮುಗಿಸುತ್ತಾರೆ.

ಡಾಕ್ಟರಿಗೆ ನನ್ನ ವಿಷಯ ಹೇಳು. ತಪ್ಪು ಅಜ್ಜಿಯದು, ಹನ್ನೊಂದನೇ ತಿಂಗಳಿಂದ ಬಚ್ಚಿಟ್ಟಳು ಎಂದು ಹೇಳು. ಆಪರೇಷನ್ ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರಲು ಬಿಟ್ಟರೆ ಸಾಕು, ಒಳಗೆ ಬರುವುದಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಎದುರು ನಿಲ್ಲುವ ಮುಖವಿಲ್ಲದ,
ಅಮ್ಮ

ತಾ. ಕ.: ಸಹಿ ಹಾಕಿ ಲಕೋಟೆ ಅಂಟಿಸಲು ಹೋದರೆ ಕೈ ಏಳಲಿಲ್ಲ. ಬುಟ್ಟಿ ಬಿದ್ದದ್ದು ನಿಜ, ತಿಂಗಳು ಸುಳ್ಳು. ಹನ್ನೊಂದು ತಿಂಗಳ ಮಗು ತೊಡೆಯಲ್ಲಿ ಅಂಗಾತ ಮಲಗಿ ಬಟ್ಟೆ ಚೀಪುತ್ತದೆಯೇ? ನೀನು ಅಲ್ಲೇ ಹಿಡಿದಿರುತ್ತೀಯ. ಅದು ಐದನೇ ತಿಂಗಳು. ಬ್ಯಾಗು ಹೊತ್ತು ನಿಂತು ನೀನು ಕೇಳಿದೆಯಲ್ಲ, ಅಷ್ಟರಲ್ಲಿ ನನಗೆ ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ಗೊತ್ತಿದ್ದೇ ನಕ್ಕೆ. ಈಗಲೂ ನಿನ್ನ ಮೇಲೆ ಆಣೆಯಿಟ್ಟು ಸುಳ್ಳು ಬರೆದೆ. ಡುಮ್ಮಿಯ ಹಾಳೆಯನ್ನು ಹರಿದು ಇದರೊಳಗೆ ಇಟ್ಟಿದ್ದೇನೆ. ಮೇಲಿನಿಂದ ಐದನೇ ಸಾಲು ನೋಡು: ಮೊದಲು ‘ತಿರುಗಲಿಲ್ಲ’ ಎಂದು ಬರೆದು ಹೊಡೆದುಹಾಕಿದ್ದೇನೆ. ಡಾಕ್ಟರಿಗೆ ಆ ತಾರೀಕು ತೋರಿಸು. ಇದನ್ನು ಓದಿದ ಮೇಲೆ ಬೆಂಚೂ ಬೇಡ ಎನ್ನುತ್ತೀಯ, ಗೊತ್ತು.

ಡೋಲನ್ನೂ ಅದರ ಕೆಳಗಿನ ಮರದ ಹಲಗೆಯನ್ನೂ ನಾಳೆ ಕೆಳಗಿನ ಅಂಗಡಿಯ ಟೈಲರು ತಮ್ಮ ಗಾಡಿಯಲ್ಲಿ ತಂದುಕೊಡುತ್ತಾರೆ. ಹಲಗೆಯ ಮೇಲೆ ಅವಳನ್ನು ಕೂರಿಸಿ, ನೀನು ಹಿಂದೆ ಕೂತು ಮೆಲ್ಲಗೆ ಬಾರಿಸು. ಅವಳು ತಿರುಗಿ ನಿನ್ನ ಮುಖ ಹುಡುಕುತ್ತಾಳೆ. ಆಗ ಬಚ್ಚಲುಮನೆಗೆ ಓಡಬೇಡ, ಅಲ್ಲೇ ಇರು.