ಅತ್ತೆ ಹೇಳದ ಹೆಸರು

ಮೇ 14, ಬುಧವಾರ. ಬೆಳಗಿನ ಜಾವ 4.20

ಹಾಲಿನ ಕ್ಯಾನಿನ ಮುಚ್ಚಳ ಬಿದ್ದ ಸದ್ದಿಗೆ ಎಚ್ಚರ. ಅತ್ತೆ ಕೊಟ್ಟಿಗೆಗೆ ಹೊರಟರು. ಪುಣ್ಯಕ್ಕೆ ಅರ್ಪಿತ ಏಳಲಿಲ್ಲ. ಅವಳು ಹುಟ್ಟಿ ಎಂಟು ತಿಂಗಳು — ನನಗೆ ಅಷ್ಟೇ ತಿಂಗಳಿಂದ ನಿದ್ದೆಯಿಲ್ಲ. ಜೂನ್ ಎರಡಕ್ಕೆ ಹೆರಿಗೆ ಲೀವು ಮುಗಿಯುತ್ತದೆ. ನಾನು ಪಾಠ ಮಾಡುವ ಮದ್ದೂರಿನ ಸ್ಕೂಲಿಗೆ ಏಳೂಮುಕ್ಕಾಲಿನ ಬಸ್ಸು. ಮಗು ಅತ್ತೆ ಕೈಯಲ್ಲಿ. ಭಯವಿಲ್ಲ. ನನ್ನ ಗಂಡನನ್ನು ಬೆಳೆಸಿದ ಕೈ ತಾನೆ.

ಅದೇ ದಿನ, ಸಂಜೆ

ಯೂನಿವರ್ಸಿಟಿಯಿಂದ ವೀಣ ಮೇಡಂ ಬಂದಿದ್ದರು. ವಯಸ್ಸಾದವರ ನೆನಪಿನ ಬಗ್ಗೆ ರಿಸರ್ಚ್. ನಮ್ಮೂರು ಕೊಪ್ಪದಲ್ಲಿ ಮನೆಮನೆಗೂ ಹೋಗುತ್ತಿದ್ದಾರೆ. ಅತ್ತೆ ವಾರ, ತಿಂಗಳು ಸರಿಯಾಗಿ ಹೇಳಿದರು. "ಯಜಮಾನರ ಹೆಸರೇನಮ್ಮ?" — ಸೆರಗು ಬಾಯಿಗೆ ಹೋಯ್ತು. ಮತ್ತೆ ಕೇಳಿದರು. ಅತ್ತೆ ಗೋಡೆ ನೋಡಿದರು. ಮೇಡಂ ಏನೋ ಗುರುತು ಹಾಕಿಕೊಂಡರು.

ಜಗಲಿಯಿಂದ ಮಾವ: "ಹೊನ್ನಯ್ಯ ಅಂತ ಯೋಳಮ್ಮಿ! ನಾನೇನ್ ಒಡ್ದಾಕ್ಬುಟ್ಟೀನಾ?"

ನಾನೇ ವಾದಿಸಿದೆ. ಮರೆವಲ್ಲ ಮೇಡಂ, ಗಂಡನ ಹೆಸರು ಹೇಳೋ ಪದ್ಧತಿ ಇಲ್ಲ. ನಕ್ಕು ಆ ಪ್ರಶ್ನೆ ಬಿಟ್ಟರು. ನೆನಪಿಡಿ ಅಂದಿದ್ದ ಮೂರು ಪದದಲ್ಲಿ ಅತ್ತೆ ಎರಡು ಮರೆತರು. ನಾನೂ ಮರೆತಿದ್ದೆ! "ಒಮ್ಮೆ ಮೈಸೂರಿಗೆ ಕರ್ಕೊಂಡು ಬನ್ನಿ. ಏನಾದರೂ ಬದಲಾದರೆ ಯಾವ ಹೊತ್ತಾದರೂ ಫೋನ್ ಮಾಡಿ" ಅಂದರು. ನಂಬರ್ ಸೇವ್ ಮಾಡಿದೆ. ಬೇಕಾಗಲ್ಲ.

ಮೇ 23

ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು. ಮಾವ: "ಏನಮ್ಮಿ, ಸಮುದ್ರನೇ ಬಗ್ಗುಸ್ಬುಟ್ಟಾ?"

"ನಿಮ್ ನಾಲ್ಗೆ ಕೆಟ್ಟೋಗದೆ, ಸುಮ್ನೆ ಉಣ್ಣಿ."

ಎಲ್ಲರೂ ನಕ್ಕೆವು. "ವಯಸ್ಸಾಯ್ತು ಕಣೆ" ಅಂದ ಸಂತೋಷ್. ಗಂಡನೇ ಹಾಗಂದಮೇಲೆ ಸರಿಯೇ ಇರಬೇಕು... ಸ್ಕೂಲಿನ ಸೀರೆಗಳಿಗೆ ಇಸ್ತ್ರಿ ಆಯ್ತು.

ಜೂನ್ 2, ಸೋಮವಾರ. ರಾತ್ರಿ 1.40

ಮುಚ್ಚಳದ ಸದ್ದು. ಇಷ್ಟು ಬೇಗ? ಹೋಗಿ ನೋಡಿದೆ. ಅಂಗಳದಲ್ಲಿ ಅತ್ತೆ, ಕೈಯಲ್ಲಿ ಕ್ಯಾನು. ಮಾವ ತೋಳು ಹಿಡಿದು, "ಬಾಮ್ಮಿ, ಇನ್ನೂ ಒತ್ತುಟ್ಟಿಲ್ಲ" ಅನ್ನುತ್ತಿದ್ದರು. ಅತ್ತೆ ಕೊಸರಿಕೊಂಡು ನನ್ನ ಕಡೆ ತಿರುಗಿದರು.

"ಯಾವನೋ ಒಳೀಕ್ ಬಂದವ್ನೆ ಕಣವ್ವ. ನಮ್ಮೋರ್ನ ಕರಿ. ಹೊನ್ನಯ್ಯಾ! ಹೊನ್ನಯ್ಯಾ!"

ಮಾವ ಅಲ್ಲೇ ಕೂತುಬಿಟ್ಟರು.

2.30

ಅತ್ತೆ ಮಲಗಿದ್ದಾರೆ. ಮಾವ ಬಾಗಿಲಿಗೆ ಅಡ್ಡ ಕೂತಿದ್ದಾರೆ. "ಕರುದ್ಲಲ್ಲವ್ವ... ನನ್ನೇ ಕರುದ್ಲು."

ಸಂತೋಷ್ ನೈಟ್ ಶಿಫ್ಟು, ಫೋನು ಲಾಕರಿನಲ್ಲಿ. ವೀಣ ಮೇಡಂ ಎತ್ತುತ್ತಿಲ್ಲ. ಮೆಸೇಜು ಹಾಕಿದೆ. ತಲೆ ಸ್ಪಷ್ಟವಾಗಿದೆ. ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅತ್ತೆಯನ್ನೂ ನೋಡಿಕೊಳ್ಳುತ್ತೇನೆ, ಮಗುವನ್ನೂ. ಆಗುತ್ತದೆ. ಇವತ್ತು ಒಂದೇ ವಿಷಯ ಗೊತ್ತಾಗಬೇಕು — ಏಳೂಮುಕ್ಕಾಲಿಗೆ ಅರ್ಪಿತಳನ್ನು ಅತ್ತೆ ಕೈಗೆ ಕೊಡಬಹುದಾ? ಮೇಡಂ ಬೇಡ ಅಂದರೆ ಬಸ್ಸು ಹತ್ತಲ್ಲ. ಮೇಡಂ, ಅತ್ತೆ ಗಂಡನ ಹೆಸರು ಹೇಳಿಬಿಟ್ಟರು. ಆ ಪ್ರಶ್ನೆ ಬಿಡಬೇಡಿ. ದಮ್ಮಯ್ಯ, ಬೆಳಗಾಗೋದರೊಳಗೆ ಒಂದೇ ಒಂದು ಫೋನ್ ಮಾಡಿ.