ಗಲ್ಲಕ್ಕೆ ಕೊಟ್ಟ ಕೈ

ತಂಗಿ ಬೀರಮ್ಮ,

ಇವತ್ತು ಸೋಮವಾರ, ನನಗೆ ಒಪ್ಪೊತ್ತು. ಕೊಟ್ಟಿಗೆ ಬಾಚಿಟ್ಟು, ನಿನ್ನ ಮಗಳು ಮೀನಾಳನ್ನು ಮೈಸೂರಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನೀನು ಕಣ್ಣು ಮುಚ್ಚುವವರೆಗೂ ಬಿಡದ ಆ ಸುಸ್ತೇ ಈಗ ಅವಳನ್ನೂ ಹಿಡಿದಿದೆ. ಅಲ್ಲೂ ಗಲ್ಲಕ್ಕೆ ಕೈ ಕೊಟ್ಟು ಕೂತಳು. “ತಗಿಯಮ್ಮಿ ಕೈಯ, ದರಿದ್ರ” ಅಂದೆ, ನಿನಗೆ ಅನ್ನುತ್ತಿದ್ದ ಹಾಗೆಯೇ.

“ಇಟ್ಕೊಳ್ಳಲಿ ಬಿಡೀಮ್ಮ, ಕುತ್ತಿಗೆಗೆ ಅದೇ ಆಸರೆ” ಅಂದರು ಡಾಕ್ಟರು. ಕತ್ತಿನ ಮೂಳೆ ಒಳಗಿನ ನರವನ್ನು ಒತ್ತುತ್ತಿದೆಯಂತೆ. ಸುಸ್ತಿಗೆ ಅದೇ ಕಾರಣ ಇರಬಹುದು, ಖಂಡಿತ ಅನ್ನಲಾಗದು. ಆಪರೇಷನ್ ಮಾಡಿದರೆ ಗುಣವಾಗಬಹುದು, ಕೈಕಾಲು ಬಿದ್ದುಹೋದರೂ ಹೋಗಬಹುದಂತೆ.

“ನೀನೇ ಯೋಳು ದೊಡ್ಡವ್ವ” ಅಂತಾಳೆ ಮೀನಾ.

ಹುಣಸೂರಿನವರೆಗೂ ಬಸ್ಸಿನಲ್ಲಿ ಅವಳ ಗಲ್ಲ ನಾನೇ ಹಿಡಿದು ಕೂತಿದ್ದೆ.

ನಾಳೆ ಮಾರಮ್ಮನ ಗುಡಿಯಲ್ಲಿ ಹೂ ಕೇಳಿಸುತ್ತೇನೆ. ಬಲಗಡೆ ಬಿದ್ದರೆ ಆಪರೇಷನ್ನಿಗೆ ನೀನು ಒಪ್ಪಿದೆ ಅಂದುಕೊಳ್ಳುತ್ತೇನೆ. ಆದರೆ ನಿನ್ನ ನಿಜವಾದ ಉತ್ತರವನ್ನು ನನ್ನ ಕೈಗೆ ಕೊಡಬೇಡ, ಮೀನಾಳೇ ಗುಣವಾಗಿ, ತನ್ನ ಕಾಲ ಮೇಲೆ ನಡೆದು ತರಲಿ.