ಎರಡು ಸಲ ಕೂಡಿಸಿದ ಎಂಟು

ವಾನ್, ಮಾರ್ಚ್ ೧೨, ೨೦೧೯

ಪ್ರೀತಿಯ ದೇರಣ್ಣ,

ಹಿರುತ್ ಎಂಬ ಹುಡುಗಿಯ ಕತೆಯನ್ನು ನನಗೆ ಮೊದಲು ಹೇಳಿದವನು ನೀನೇ, ಕಳೆದ ದೀಪಾವಳಿಯ ಪಾಡ್ಯದಂದು, ಇಥಿಯೋಪಿಯಾದ ಜಿಮ್ಮಾದಿಂದ ಫೋನು ಮಾಡಿ. ನಿನ್ನ ಗಣಿತದ ಕ್ಲಾಸಿನ ಹುಡುಗಿ, ಅಪ್ಪ ಕಾಫಿ ಮಂಡಿಯಲ್ಲಿ ಮೂಟೆ ಹೊರುವವನು, ಅವಳಿಗೆ ಇಲ್ಲೇ ನಮ್ಮ ಪಕ್ಕದ ಟೊರೊಂಟೊದಲ್ಲಿ ನರ್ಸಿಂಗ್ ಓದಬೇಕು. "ಎಂತ ಇಲ್ಲ ಮಾರಾಯ್ತಿ, ಒಂದು ಫಾರ್ಮು ತುಂಬಿಸ್ಲಿಕ್ಕೆ ಉಂಟು, ಅಷ್ಟೇ" ಎಂದೆ ನೀನು. ನಿನ್ನ ಆ "ಎಂತ ಇಲ್ಲ"ವನ್ನು ನಂಬಿ ನಾನು ಕೆಟ್ಟೆ.

ಆ ಒಂದು ಫಾರ್ಮು ಹನ್ನೊಂದು ಮರಿ ಹಾಕಿತು. ಅವಳಿಗೆ ಮನೆತನದ ಹೆಸರಿಲ್ಲ, ಇರುವುದು ಅಪ್ಪನ ಹೆಸರೇ ಎಂದು ಬರೆದರೆ, ಹಾಗಾದರೆ ಅಮ್ಮನ ಹೆಸರಿನ ಕೊನೆಯಲ್ಲಿ ಬೇರೆ ಹೆಸರೇಕೆ ಎಂದು ಕಾಲೇಜಿನವರು ಕೇಳಿದರು. ಅದಕ್ಕೂ ಉತ್ತರ ಬರೆದೆ. ಕೊನೆಗೆ ವರ್ಷಗಳ ಕಾಟ. ಆ ದೇಶದ ಪಂಚಾಂಗ ನಮ್ಮದಕ್ಕಿಂತ ಹಿಂದೆ, ಸರ್ಟಿಫಿಕೇಟಿನ ವರ್ಷಕ್ಕೆ ಎಂಟು ಕೂಡಿಸು ಎಂದು ನೀನೇ ಮೂರು ಸಲ ಹೇಳಿದ್ದೆ. ಕೂಡಿಸಿದೆ. ಆದರೆ ನೀನು ಕಳಿಸಿದ ಇಂಗ್ಲಿಷ್ ಅನುವಾದದಲ್ಲಿ ೨೦೧೦ನ್ನು ನೀನೇ ೨೦೧೮ ಮಾಡಿಟ್ಟಿದ್ದೆಯಲ್ಲ, ಅದನ್ನು ಯಾರು ಹೇಳಬೇಕಿತ್ತು, ನನ್ನ ಗಂಡನಾ? ನಾನಾದರೂ ಕಣ್ಣು ಬಿಟ್ಟು ನೋಡಬೇಕಿತ್ತು, ನಿಜ. ಹತ್ತನೇ ಫಾರ್ಮಿನ ಹೊತ್ತಿಗೆ ಅಂಕಿಗಳೆಲ್ಲ ಇರುವೆಗಳ ಹಾಗೆ ಕಾಣುತ್ತಿದ್ದವು. ಅಂತೂ ಹುಡುಗಿ ಹನ್ನೆರಡನೇ ತರಗತಿ ಪಾಸಾದದ್ದು ೨೦೨೬ರಲ್ಲಿ ಎಂದು ಬರೆದು ಕಳಿಸಿದೆ!

ಶುಕ್ರವಾರ ಕಾಲೇಜಿನಿಂದ ಉತ್ತರ ಬಂತು. ಸೋಮವಾರದೊಳಗೆ ದಾಖಲೆ ಸಮೇತ ವಿವರಣೆ ಕೊಡದಿದ್ದರೆ ಸೀಟು ಬೇರೆಯವರಿಗೆ. ಅದೇ ಪತ್ರ ಅವಳಿಗೂ ಹೋಗಿತ್ತು. "ಆಂಟಿ, ನಾನು ಪಾಸಾಗಿದ್ದೇನೆ ಅಲ್ಲವಾ?" ಎಂದು ಮೆಸೇಜು ಮಾಡಿದಳು. ನಿನಗೆ ಏಳು ಸಲ ಫೋನು ಮಾಡಿದೆ. ನೀನು ಫೋನು ಆಫ್ ಮಾಡಿ ಉತ್ತರಪತ್ರಿಕೆ ತಿದ್ದುತ್ತಿದ್ದೆಯಂತೆ.

ಭಾನುವಾರ ಇಲ್ಲೇ ಹತ್ತಿರದ ಅರೋರಾದಲ್ಲಿ ಗೆಳತಿ ಚನ್ನಬಸವ್ವನ ಮನೆಯಲ್ಲಿ ಊಟ. ತಡೆಯಲಾರದೆ ಇಡೀ ಕತೆ ಹೇಳಿದೆ. "ಅಯ್ಯ ನಮ್ಮವ್ವಾ, ಇನ್ನೂ ಏಳು ವರ್ಷಕ್ಕ ಪಾಸಾಗಾಕಿನ್ನ ಈಗ ಕರಸಾಕ ಹತ್ತೀಯಲ್ಲ!" ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಗಂಡ ವೀರಭದ್ರಪ್ಪನವರು ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಮ್ಮ ವೇರ್‌ಹೌಸಿನ್ಯಾಗ ಒಬ್ಬ ಇಥಿಯೋಪಿಯಾದಾವ ಅದಾನ್ರೀ. ಅವನ ಮನಿ ಕ್ಯಾಲೆಂಡರಿನ್ಯಾಗ ಅವರ ತಾರೀಖು, ನಮ್ಮ ತಾರೀಖು ಎರಡೂ ಅದಾವ" ಎಂದರು.

ಮರುದಿನ ಬೆಳಗ್ಗೆ ಅವರು ಶಿಫ್ಟಿಗೆ ರಜೆ ಹಾಕಿ, ಗೆಳೆಯನ ಗೋಡೆಯಿಂದ ಆ ಕ್ಯಾಲೆಂಡರನ್ನೇ ಇಳಿಸಿಕೊಂಡು ಬಂದರು. ಮೂವರೂ ಕಾಲೇಜಿಗೆ ಹೋದೆವು. ಕೌಂಟರಿನ ಹೆಂಗಸು ಕ್ಯಾಲೆಂಡರನ್ನೂ ಸರ್ಟಿಫಿಕೇಟನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳು ಮಡಚಿ ಎಣಿಸಿದಳು. ೨೦೨೬ನ್ನು ಹೊಡೆದು ೨೦೧೮ ಎಂದು ಬರೆದಳು. ಸೀಟು ಉಳಿಯಿತು, ನೀವು ಹೋಗಬಹುದು ಎಂದಳು. ಚನ್ನಬಸವ್ವ ಹೋಗಲಿಲ್ಲ. "ಆ ಕೂಸಿಗೆ ಈಮೇಲ್ ಹೋಗೂತನಕ ನಾ ಏಳಾಂಗಿಲ್ಲ" ಎಂದು ಬೆಂಚಿನ ಮೇಲೆ ಕುಳಿತುಬಿಟ್ಟಳು. ಅವಳ ಪಕ್ಕದಲ್ಲಿ ನಾವೂ ಕುಳಿತೆವು. ಹನ್ನೊಂದೂವರೆಗೆ ಈಮೇಲ್ ಹೋಯಿತು. ಆಮೇಲೆಯೇ ಅವಳು ಎದ್ದದ್ದು.

ದೇವರು ನಿನಗೆ ಆಯುಷ್ಯ ಕೊಡಲಿ, ನನಗೆ ತಾಳ್ಮೆ ಕೊಡಲಿ.

ಸಿಟ್ಟು ಇನ್ನೂ ಇಳಿಯದ ನಿನ್ನ ತಂಗಿ,
ಜಯಶೀಲಾ